ನಾನು ಅಳಿಸಿಹಾಕಿದ ಗಿರಣಿ

ಕಳೆದ ವರ್ಷ ನಾನು ಗಂಗಾವತಿಯ ಒಂದು ಸಣ್ಣ ಸ್ಟುಡಿಯೋದಲ್ಲಿ ರೆಕಾರ್ಡಿಂಗ್ ಆಪರೇಟರ್. ಆಟೋದಲ್ಲಿ ಕೂಗುತ್ತ ಸಾಗುವ ಸೀರೆ ಅಂಗಡಿಯ ಪ್ರಚಾರಕ್ಕೆ ದನಿಯೂ ನನ್ನದೇ, ಮಿಮಿಕ್ರಿಯೂ ನನ್ನದೇ. ಹೆಡ್‌ಮಾಸ್ತರ, ಕಂಡಕ್ಟರ್, ಪುಢಾರಿ ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದರು. ಮನೆ ಮಾಲೀಕನನ್ನು ಮಾತ್ರ ಯಾರೂ ನೋಡಿರಲಿಲ್ಲ.

ಯಲಬುರ್ಗಾದ ರಜಿಯಾ ಇಬ್ಬರು ಗೆಳತಿಯರೊಂದಿಗೆ ಬಸ್ಸಿನಲ್ಲಿ ಬಂದಿಳಿದರು. ಎಂಟು ಹಾಡುಗಳ ಪೋಸ್ಟ್-ಪಂಕ್ ಆಲ್ಬಂ ಮಾಡುತ್ತಿದ್ದರು. ಹಾಗೆಂದರೇನು ಎಂದು ರಜಿಯಾರನ್ನು ಕೇಳಿದೆ.

“ಪಂಕ್ ಅಂದ್ರ ಸಿಟ್ಟಿಲೆ ಒದರೂದು. ಅದಾದ ಮ್ಯಾಲ ಆ ಸಿಟ್ಟಿನ ಒಳಗ ಏನೈತಿ ಅಂತ ಬಿಚ್ಚಿ ನೋಡೂದು ಪೋಸ್ಟ್-ಪಂಕ್.”

“ಮತ್ತ ನಿಮ್ಮ ಬ್ಯಾಗಿನ ಮ್ಯಾಲ ನ್ಯೂ ವೇವ್ ಅಂತ ಬರದೈತಲ್ಲ, ಅದೇನ್ರಿ?”

“ಅದೂ ಅದೇ ಮನಿದು. ಛಂದಾಗಿ ತಲಿ ಬಾಚ್ಕೊಂಡು ಕುಣಿಯಾಕ ಹೊಂಟೈತಿ. ನಮ್ಮದು ಅದರ ತಲಿ ಬಾಚದ ತಂಗಿ.”

ಎಂಟನೆಯ ಹಾಡನ್ನು ರಜಿಯಾ ತಮ್ಮ ಮಾಮಾನ ಹಿಟ್ಟಿನ ಗಿರಣಿಯೊಳಗೇ ಹಾಡಿ, ಮೆಮೊರಿ ಕಾರ್ಡ್ ತಂದಿದ್ದರು. ಹಳೆಯ ಡೀಸೆಲ್ ಇಂಜಿನ್ನಿನ ಬೆಲ್ಟು ತಾಳ ತಪ್ಪಿ ಬಡಿಯುತ್ತಿತ್ತು. ಡ್ರಮ್ಮಿನ ಬದಲು ಅದೇ ಎಂದು ಆಗ ನನಗೆ ತಿಳಿಯಲಿಲ್ಲ.

ನಾನು ಎಲ್ಲ ರೆಕಾರ್ಡಿಂಗಿಗೂ ಮಾಡುವುದನ್ನೇ ಮಾಡಿದೆ. ನಾಯ್ಸ್ ರಿಡಕ್ಷನ್, ಅಂದರೆ ದನಿಯ ಹಿಂದಿನ ಗದ್ದಲ ಒರೆಸುವ ಕೆಲಸ. ದನಿ ಬೆಳಗಿದ ತಂಬಿಗೆಯಂತಾಯಿತು. ಸಾಲದ್ದಕ್ಕೆ ಎಕೋ ಸೇರಿಸಿದೆ. ಕೆಲಸ ಮುಗಿದ ಮೇಲೆ ಮೂಲ ಅಳಿಸಿ ಕಾರ್ಡ್ ಖಾಲಿ ಮಾಡುವುದು ನಮ್ಮ ಅಂಗಡಿಯ ಪದ್ಧತಿ. ಅದನ್ನೂ ಮಾಡಿದೆ.

ಮರುದಿನ ಹೆಡ್‌ಫೋನ್ ಹಾಕಿಕೊಂಡ ರಜಿಯಾರ ಕಾಲು ತಾಳಕ್ಕೆ ಕಾಯುತ್ತಲೇ ಇತ್ತು.

“ಗಿರಣಿ ಎಲ್ಲೈತ್ರಿ?”

“ಭಾಳ ಗದ್ದಲ ಇತ್ರಿ, ತಗದೀನಿ.”

“ಅದ ಹಾಡ್ರಿ ಅದು! ಮಾಮಾ ಮೊನ್ನೆ ಆ ಇಂಜಿನ್ ಗುಜರಿಗೆ ಹಾಕ್ಯಾರ.”

ಮಿಮಿಕ್ರಿ ಶೂರ ನಾನು! ರೆಕಾರ್ಡ್ ಬಟನ್ ಒತ್ತಿ, ಮೈಕಿನ ಮುಂದೆ ನಿಂತು ಬಾಯಲ್ಲೇ ಇಂಜಿನ್ ಚಾಲೂ ಮಾಡಿದೆ. ಗೆಳತಿಯರು ಬಿದ್ದು ಬಿದ್ದು ನಕ್ಕರು. ರಜಿಯಾ ನಗಲಿಲ್ಲ.

“ನಿಮ್ಮ ಗಿರಣಿ ನಗಸ್ತೈತಿ. ನಮ್ಮದು ಕುಂತಲ್ಲೆ ಕುಂದ್ರಾಕ ಬಿಡತಿದ್ದಿಲ್ಲ.”

ಮತ್ತೆ ಮಾಡಿದೆ. ಮತ್ತೆ. ನಾಲ್ಕನೆಯ ಸಲ ಉಸಿರು ಕಟ್ಟಿತು, ಕೆಮ್ಮು ಬಂತು. ಹಿಡಿದುಕೊಂಡಿದ್ದ ಸ್ಟೂಲು ನಡುಗಿ ಕಟಕಟ ಎನ್ನುತ್ತಿತ್ತು. “ಬರವಲ್ದರಿ... ತಪ್ಪು ನಂದು,” ಎಂದೆ. ಹೆಡ್‌ಮಾಸ್ತರನದೂ ಅಲ್ಲ, ಕಂಡಕ್ಟರನದೂ ಅಲ್ಲದ ದನಿ.

ರಜಿಯಾ ತಲೆ ಎತ್ತಿದರು. “ಇದನ್ನ ಅಳಸಬ್ಯಾಡ್ರಿ.”

ಎಂಟನೆಯ ಹಾಡಿನ ಹಿಂದೆ ಈಗ ನನ್ನ ಏದುಸಿರು, ಸ್ಟೂಲಿನ ಕಟಕಟ. ಕೊಪ್ಪಳದ ಒಂದು ಕಾರ್ಯಕ್ರಮದಲ್ಲಿ ಅದನ್ನು ಕೇಳಿಸಿದಾಗ ಕೇಳುಗರಲ್ಲಿ ಇಬ್ಬರು ಚಡಪಡಿಸಿ ಎದ್ದು ಹೋದರು. ರಜಿಯಾಗೆ ಖುಷಿಯೋ ಖುಷಿ. ಮಾಮಾ ಮಾತ್ರ ಕೊನೆಯವರೆಗೂ ಕಿವಿಗೊಟ್ಟು ಕೇಳಿ, “ನಮ್ಮ ಇಂಜಿನ್ ಯಾವಾಗ ಬರತೈತಿ?” ಎಂದರು.

ಅಂದಿನಿಂದ ಯಾರದೇ ಕೆಲಸ ಮುಟ್ಟುವ ಮೊದಲು ಕೇಳುತ್ತೇನೆ: “ಇದರಾಗ ಗದ್ದಲ ಯಾವುದ್ರಿ?” ಸೀರೆ ಅಂಗಡಿಯವರು ನನ್ನ ಮುಖವನ್ನೇ ನೋಡುತ್ತಾರೆ.