ಕುಲಗೋಡದ ಬೆಲ್ಲ, ನೀರು

ಬೆಳಿಗ್ಗೆ ಹತ್ತೂಕಾಲು. ಕುಲಗೋಡದ ಬಸ್ ನಿಲ್ದಾಣದಲ್ಲಿ ಕೊರಿಯಾದ ಗೆಳತಿ ಸುಜಿನ್ ಯೇಸುವಿನ ಬಗ್ಗೆ ಹೇಳುತ್ತಿದ್ದಳು, ನಾನು ಅದನ್ನು ಕನ್ನಡದಲ್ಲಿ ಹೇಳುತ್ತಿದ್ದೆ. "ನಮ್ಮ ಧರ್ಮ ಕೆಡಸಾಕ ಬಂದೀರೇನ್ರಿ?" ಎಂದು ಗಡ್ಡದ ತರುಣನೊಬ್ಬ ಅವಳ ಚೀಲ ಕಿತ್ತುಕೊಂಡ. ಜನ ಸುತ್ತುವರಿದರು. ಯಾರೋ ನನ್ನ ಕಾಲರ್ ಹಿಡಿದರು.

ಬಾಳೆಹಣ್ಣು ಮಾರುತ್ತಿದ್ದ ಮುದುಕಿ ನುಗ್ಗಿ ಬಂದು, ಮನೆಗೆ ಬಂದವರಿಗೆ ಕೊಡುವಂತೆ, ಸುಜಿನ್ ಕೈಗೆ ಬೆಲ್ಲ, ನೀರು ಕೊಟ್ಟಳು. "ಈಕಿ ಈಗ ನಮ್ಮನಿ ಬೀಗತಿ. ಬೀಗರನ್ನ ಬಡ್ಯಾಂವ ಯಾರಲೇ?"

"ಆಯಿ, ನಿನ್ನ ಬೀಗರು ವಿಮಾನದಾಗ ಬರ್ತಾರಲ್ಲ!" ಎಂದು ಯಾರೋ ನಕ್ಕರು. ನನ್ನ ಕಾಲರ್ ಹಿಡಿದ ಕೈ ಸಡಿಲಿತು.

ಗೋಕಾಕಕ್ಕೆ ಮರಳಿದರೂ ರಾತ್ರಿ ಕಣ್ಣು ಮುಚ್ಚಿದರೆ ಆ ಕೈಯೇ ಕಂಡು ಮತ್ತೆ ಮತ್ತೆ ಎಚ್ಚರವಾಗುತ್ತಿತ್ತು. ಭಾನುವಾರ, ಮುದುಕಿ ಅಂದೇ ಕರೆದಿದ್ದಂತೆ, ಕುಲಗೋಡದ ಅವಳ ಮನೆಗೆ ಊಟಕ್ಕೆ ಹೋದೆವು. ಬೆಲ್ಲ, ನೀರು ಹಿಡಿದು ಬಾಗಿಲಲ್ಲಿ ನಿಂತಿದ್ದವನು ಅದೇ ಗಡ್ಡದ ತರುಣ, ಅವಳ ಮೊಮ್ಮಗ. "ಬರ್ರಿ" ಎಂದ, ನೆಲ ನೋಡುತ್ತ.

ಅಂದು ರಾತ್ರಿ ನನಗೆ ಬೆಳಗಾಗುವವರೆಗೆ ಎಚ್ಚರವಾಗಲಿಲ್ಲ.