ಎರಡನೇ ಮಂಚದ ಸೂಜಿ

ನಾನು ಒಳ್ಳೆಯ ನರ್ಸ್ ಆಗಿದ್ದೆ ಎಂದು ಕೊಳ್ಳೇಗಾಲದಲ್ಲಿ ಈಗಲೂ ಹೇಳುವವರಿದ್ದಾರೆ. ಅಲ್ಲ ಎಂದು ಅವರಿಗೆ ಹೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ. ಕೈ ಚುರುಕಾಗಿತ್ತು, ನಿಜ. ನರವೇ ಕಾಣದವರಿಗೂ ಒಂದೇ ಸಲಕ್ಕೆ ಚುಚ್ಚುತ್ತಿದ್ದೆ. ಬಾಯಿ ಮಾತ್ರ ಕೆಟ್ಟದ್ದು. ಹಳ್ಳಿಯಿಂದ ಬಂದವರು ಕೇಳಿದ್ದನ್ನೇ ಎರಡನೇ ಸಲ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಇದು ಎಂಬತ್ತರ ದಶಕದ ಕೊನೆಯ ಮಾತು. ನಮ್ಮದು ಎಂಟು ಮಂಚಗಳ ಖಾಸಗಿ ನರ್ಸಿಂಗ್ ಹೋಮ್. ಔಷಧಿಯ ಚಾರ್ಟ್ ಎಂದರೆ ಮಂಚದ ಸರಳಿಗೆ ದಾರದಲ್ಲಿ ಕಟ್ಟಿದ ರಟ್ಟು, ಅದಕ್ಕೆ ಸಿಕ್ಕಿಸಿದ ಒಂದು ಬಿಳಿ ಹಾಳೆ. ಹಾಳೆಯ ಮೇಲೆ ಮಂಚದ ನಂಬರ್ ಇರುತ್ತಿತ್ತು, ರೋಗಿಯ ಹೆಸರು ಇರುತ್ತಿರಲಿಲ್ಲ. ಡಾಕ್ಟರು ಒಂದು ರೀತಿ ಬರೆಯುವರು, ನಾನೊಂದು ರೀತಿ, ರಾತ್ರಿ ಪಾಳಿಯವಳು ಇನ್ನೊಂದು ರೀತಿ. ರೋಗಿಗಳನ್ನು ಕರೆಯುತ್ತಿದ್ದುದೂ ನಂಬರಿನಿಂದಲೇ. 'ಏಯ್ ಮೂರು, ಎದ್ದು ಕೂತ್ಕೊ' ಎಂದರೆ ಎಂಬತ್ತರ ಅಜ್ಜಿಯೂ ಎದ್ದು ಕೂರಬೇಕಿತ್ತು.

ಬಂಡಳ್ಳಿಯಿಂದ ಜ್ವರದ ಹೆಂಗಸೊಬ್ಬಳು ಅತ್ತೆಯ ಜೊತೆ ಬಂದು ಐದನೇ ಮಂಚಕ್ಕೆ ಸೇರಿದಳು. ಮೂವತ್ತು ದಾಟಿರಲಿಲ್ಲ. ಹಿಂದೊಮ್ಮೆ ಪೆನ್ಸಿಲಿನ್ ಚುಚ್ಚಿದಾಗ ಮೈತುಂಬ ದದ್ದು ಎದ್ದು ಉಸಿರು ಕಟ್ಟಿತ್ತಂತೆ. ಅದನ್ನು ಐದನೇ ಹಾಳೆಯಲ್ಲಿ ನಾನೇ ಬರೆದು ಕೆಳಗೆ ಗೆರೆ ಎಳೆದೆ. ಡಾಕ್ಟರು ಬರೀ ಮಾತ್ರೆ ಬರೆದರು.

ಐದರಿಂದ ಎಂಟರವರೆಗಿನ ಮಂಚಗಳ ತಲೆದಿಂಬು ಉತ್ತರದ ಗೋಡೆಗಿತ್ತು. ಉತ್ತರಕ್ಕೆ ತಲೆ ಹಾಕಿ ಮಲಗಲು ನಮ್ಮ ಕಡೆ ಯಾರೂ ಒಪ್ಪುವುದಿಲ್ಲ. ತಿರುಗಿ ಮಲಗಿದರೆ ಡಾಕ್ಟರು ರೇಗುವರು. ಮರುದಿನ ಮಧ್ಯಾಹ್ನ ನಾನು ಊಟಕ್ಕೆ ಹೋದ ಹೊತ್ತು ನೋಡಿ, ಆ ಅತ್ತೆ ಎದುರು ಸಾಲಿನ ಎರಡನೇ ಮಂಚದ ಹುಡುಗಿಯನ್ನು ಪುಸಲಾಯಿಸಿ, ಸೊಸೆಯನ್ನು ಅಲ್ಲಿಗೆ ಸಾಗಿಸಿದಳು. ಹೊನ್ನೂರಿನ ಆ ಹುಡುಗಿಗೆ ಕಾಲಿನಲ್ಲಿ ಕೀವು ತುಂಬಿದ ಕುರು. ಐದನೇ ಮಂಚದ ಮೇಲೆ ಫ್ಯಾನ್ ಇತ್ತು, ಅವಳಿಗೆ ಅಷ್ಟೇ ಸಾಕಾಯಿತು. ಚೊಂಬು, ಗಂಟು, ಕಂಬಳಿ ಎಲ್ಲ ಅತ್ತಿಂದಿತ್ತ ಹೋದವು. ರಟ್ಟುಗಳು ಕಟ್ಟಿದಲ್ಲೇ ಉಳಿದವು.

ಎರಡನೇ ಹಾಳೆಯಲ್ಲಿ ಪೆನ್ಸಿಲಿನ್ ಇತ್ತು. ಒಗ್ಗುತ್ತದೆಯೋ ಇಲ್ಲವೋ ಎಂದು ಚುಚ್ಚಿ ನೋಡುವ ಪರೀಕ್ಷೆ ಆ ಹುಡುಗಿಗೆ ಹಿಂದಿನ ದಿನವೇ ಆಗಿತ್ತು. ನಾನು ಟ್ರೇ ಹಿಡಿದು ಬಂದಾಗ ಅತ್ತೆ ಗಂಜಿ ತರಲು ಹೊರಗೆ ಹೋಗಿದ್ದಳು, ಹುಡುಗಿ ಫ್ಯಾನಿನ ಕೆಳಗೆ ನಿದ್ದೆ ಮಾಡುತ್ತಿದ್ದಳು. ಹಾಳೆ ಓದಿದೆ. ಮುಖ ನೋಡಲಿಲ್ಲ. 'ಎರಡು, ತಿರುಗಿ ಮಲಕ್ಕೊ' ಎಂದೆ.

'ಅವ್ವಾ, ನಂಗೆ ಸೂಜಿ ಇಲ್ಲ ಅಂದಿದ್ರಲ್ಲವ್ವಾ. ಆ ಮದ್ದು ಒಗ್ಗಲ್ಲ ಅಂತ ಏಳಿದ್ನಲ್ಲ.'

'ಡಾಕ್ಟ್ರು ಅವರಾ, ನೀನಾ? ಬಾಯ್ಮುಚ್ಕೊಂಡು ತಿರುಗು.'

ಅವಳು ತಿರುಗಿದಳು. ನನಗೆ ಹೆದರಿ ತಿರುಗಿದಳು.

ಸಿರಿಂಜ್ ತೊಳೆಯುತ್ತಿದ್ದಾಗ ಕೆಮ್ಮು ಕೇಳಿಸಿತು, ಆಮೇಲೆ ಮಂಚ ಅಲ್ಲಾಡುವ ಸದ್ದು. ಡಾಕ್ಟರು ಓಡಿ ಬಂದು ಏನೇನೋ ಚುಚ್ಚಿದರು, ಎದೆ ಒತ್ತಿದರು. ಅತ್ತೆ ಗಂಜಿಯ ಪಾತ್ರೆ ಹಿಡಿದು ಒಳಗೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಡಾಕ್ಟರು ನನ್ನನ್ನು ರೂಮಿಗೆ ಕರೆದು ಬಾಗಿಲು ಹಾಕಿಕೊಂಡರು. 'ಚುಚ್ಚೋ ಮುಂಚೆ ಆಕೆ ಏನಾದ್ರೂ ಹೇಳಿದ್ಲಾ?'

'ಇಲ್ಲ ಸಾರ್' ಎಂದೆ. ಯೋಚಿಸಿ ಹೇಳಿದ್ದೂ ಅಲ್ಲ, ತಡವರಿಸಲೂ ಇಲ್ಲ.

ಅವರು ಹೊರಗೆ ಬಂದು ಅತ್ತೆಯ ಮೇಲೆ ಎರಗಿದರು. 'ಮಂಚ ಬದಲಾಯಿಸು ಅಂತ ನಿಂಗೆ ಯಾರಮ್ಮ ಹೇಳಿದ್ದು? ಕೈಯಾರೆ ಸೊಸೇನ ಕೊಂದೆಯಲ್ಲ!' ಸಂಜೆಯ ಬಸ್ಸಿಗೆ ಬಂದ ಮಗ ಅದನ್ನು ಕೇಳಿದವನೇ ಹೆಣದ ಮುಂದೆ ತಾಯಿಯ ಕೆನ್ನೆಗೆ ಹೊಡೆದ. ಅವಳು ಕೈ ಅಡ್ಡ ಹಿಡಿಯಲಿಲ್ಲ. ನಾನು ಅಲ್ಲೇ ನಿಂತು ಹತ್ತಿಯ ಉಂಡೆ ಮಾಡುತ್ತಿದ್ದೆ.

ಮುಂದಿನ ತಿಂಗಳು ಮೈಸೂರಿನ ಪ್ರೆಸ್ಸಿನಿಂದ ಅಚ್ಚಾದ ಚಾರ್ಟುಗಳು ಬಂದವು. ಎಲ್ಲರಿಗೂ ಒಂದೇ ನಮೂನೆ. ಹೆಸರು, ಊರು, ವಯಸ್ಸು, ಒಗ್ಗದ ಔಷಧಿಗೆ ಕೆಂಪು ಚೌಕ, ಹೊತ್ತು, ಕೊಟ್ಟವರ ಸಹಿ. ರಟ್ಟು ಮಂಚಕ್ಕಲ್ಲ, ರೋಗಿಯ ಜೊತೆಗೇ ಹೋಗಬೇಕು. ಒಳ್ಳೆಯ ಚಾರ್ಟೇ, ಎಷ್ಟೋ ಜೀವ ಉಳಿಸಿರಬಹುದು. ಆದರೆ ಸೂಜಿ ಹಿಡಿದು ನಿಂತಾಗ ರೋಗಿ ಬೇಡ ಎಂದರೆ ಏನು ಮಾಡಬೇಕು ಎನ್ನುವುದಕ್ಕೆ ಅದರಲ್ಲಿ ಒಂದು ಸಾಲೂ ಇರಲಿಲ್ಲ. ನಾನು ನಿಜ ಹೇಳಿದ್ದರೆ ಡಾಕ್ಟರು ಅದನ್ನೂ ಅಚ್ಚು ಹಾಕಿಸುತ್ತಿದ್ದರು.

ಆ ಚಾರ್ಟುಗಳನ್ನು ನಾನು ಜೋಡಿಸುತ್ತಿದ್ದ ದಿನವೇ ಅತ್ತೆ ಬಂದಳು, ಒಬ್ಬಳೇ. ಮಗ ಮಾತು ಬಿಟ್ಟಿದ್ದಾನೆ, ಊಟವನ್ನು ಜಗಲಿಗೇ ತಂದಿಡುತ್ತಾರೆ ಎಂದಳು. ದೂರುವುದಕ್ಕೆ ಬಂದಳೆಂದುಕೊಂಡೆ. ಅವಳು ಬಗ್ಗಿ ನನ್ನ ಕಾಲು ಹಿಡಿದಳು.

'ನನ್ನಿಂದ ನೀನೂ ಬೈಸ್ಕಂಡಲ್ಲವ್ವಾ. ಡಾಕ್ಟ್ರು ನಿನ್ನ ಒಳೀಕೆ ಕರ್ಕಂಡು ಓದ್ರಲ್ಲ, ನೋಡ್ದಿ. ನಂದೇ ತಪ್ಪು ಕಣವ್ವಾ, ಮಾಪು ಮಾಡ್ಬುಡು.'

ಹೇಳುವುದಿದ್ದರೆ ಆಗ ಹೇಳಬೇಕಿತ್ತು. ವಾರ್ಡಿನಲ್ಲಿ ಬೇರೆ ಯಾರೂ ಇರಲಿಲ್ಲ, ಒಂದೇ ಮಾತು ಸಾಕಿತ್ತು. ನಾನು ಕಾಲನ್ನೂ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

'ಆಯ್ತು, ಏಳಮ್ಮ. ಇನ್ಮೇಲಾದ್ರೂ ಹೇಳಿದ ಮಾತು ಕೇಳು' ಎಂದೆ.

'ಕೇಳ್ತೀನಿ ಕಣವ್ವಾ' ಎಂದು ಅವಳು ಕಣ್ಣೊರೆಸಿಕೊಂಡು ಎದ್ದಳು. ನನಗೆ ಕೈ ಮುಗಿದು, ಊರಿನ ಬಸ್ಸು ಹಿಡಿಯಲು ಹೋದಳು.