ನನ್ನ ನೋವಿಗೆ ಬಿದ್ದ ವೋಟುಗಳು

ಬ್ಲಾಗ್ ಸ್ಪರ್ಧೆ ಎಂದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಎಲ್ಲೋ ಕುಳಿತ ಯಾರೋ ನಾಲ್ಕು ಜನ, ಹೊರದೇಶದ ಕನ್ನಡಿಗರು ತಮ್ಮ ಅನುಭವ ಬರೆಯಿರಿ, ಓದುಗರೇ ನಿಮ್ಮನ್ನು ಗೆಲ್ಲಿಸುತ್ತಾರೆ ಎಂದು ಜಾಲತಾಣದಲ್ಲಿ ಹಾಕಿಬಿಡುತ್ತಾರೆ. ಆಮೇಲೆ ಹದಿನೈದು ದಿನ ವಾಟ್ಸಾಪ್ ಗುಂಪಿನಲ್ಲಿ ಬದುಕುವ ಹಾಗಿಲ್ಲ. ಸತ್ಯನಾರಾಯಣ ಪೂಜೆಗೆ ಹೋದರೆ ಪ್ರಸಾದದ ಜೊತೆಗೆ ಲಿಂಕು ಕೊಡುತ್ತಾರೆ. ಬರಹ ಓದಿದವರು ಯಾರೂ ಇಲ್ಲ, ವೋಟು ಒತ್ತಿದವರು ಎಲ್ಲರೂ.

೨೦೧೮ರಲ್ಲಿ ಅಂಥದ್ದೊಂದು ಸ್ಪರ್ಧೆಗೆ ನಾನೂ ನಾಚಿಕೆಯಿಲ್ಲದೆ ಬರೆದಿದ್ದೆ. ನಾನಿರುವ ಬ್ರ್ಯಾಂಪ್ಟನ್ನಿನಲ್ಲಿ ಹಲಸಿನ ಎಲೆ ಸಿಗದೆ ಸ್ಟೀಲ್ ಲೋಟದಲ್ಲಿ ಕಡುಬು ಬೇಯಿಸಿದ ಕಥೆ. ಹನ್ನೊಂದು ವೋಟು ಬಿತ್ತು, ಅದರಲ್ಲಿ ಒಂದು ನನ್ನದೇ. ನೀನೂ ಬರೆ ಎಂದು ಕೈ ತೊಳೆದುಕೊಂಡು ನನ್ನ ಬೆನ್ನು ಹತ್ತಿದವಳು ನನ್ನ ಗೆಳತಿ. ಅವಳೂ ನನ್ನ ಹಾಗೆ ಮಂಗಳೂರಿನ ಕಡೆಯವಳು. ಇಬ್ಬರೂ ಪಕ್ಕದ ವಾನ್ ಊರಿನ ಒಂದೇ ವೇರ್‌ಹೌಸಿನಲ್ಲಿ ಪ್ಯಾಕಿಂಗ್ ಕೆಲಸ ಮಾಡುತ್ತಿದ್ದೆವು. ದಿನವೂ ಅವಳ ಕಾರಿನಲ್ಲೇ ಹೋಗಿ ಬರುತ್ತಿದ್ದೆ.

ಕಾರಿನಲ್ಲಿ ಪಕ್ಕಕ್ಕೆ ಕುಳಿತವರಿಗೆ ಮುಖ ನೋಡದೆ ಏನನ್ನಾದರೂ ಹೇಳಬಹುದು. ಹಿಮ ಬಿದ್ದು ಹೈವೇ ನಿಂತೇಹೋಗಿದ್ದ ಒಂದು ಬೆಳಗ್ಗೆ, ಯಾರಿಗೂ ಹೇಳದ್ದನ್ನು ನಾನು ಅವಳಿಗೆ ಹೇಳಿದ್ದೆ. ಈ ದೇಶಕ್ಕೆ ಬಂದ ಮೊದಲ ಚಳಿಗಾಲದಲ್ಲಿ ನಾನು ಬಸುರಿಯಾಗಿದ್ದೆ. ಮೂರು ತಿಂಗಳು ತುಂಬುವ ತನಕ ಯಾರ ಹತ್ತಿರವೂ ಬಾಯಿ ಬಿಡಬಾರದು, ದೃಷ್ಟಿಯಾಗುತ್ತದೆ ಎನ್ನುವುದು ನಮ್ಮ ಮನೆಯ ಪದ್ಧತಿ. ಹಾಗಾಗಿ ಊರಿನಲ್ಲಿರುವ ಅಮ್ಮನಿಗೂ ಹೇಳಿರಲಿಲ್ಲ. ಮೂರು ತುಂಬಲು ಆರು ದಿನ ಬಾಕಿಯಿರುವಾಗ, ಶಿಫ್ಟಿನ ನಡುವೆ, ರಕ್ತ ಕಾಣಿಸಿತು. ಗಂಡ ದೂರದ ಬರ್ಲಿಂಗ್ಟನ್ನಿನಲ್ಲಿ ಕೆಲಸದಲ್ಲಿದ್ದ. ನಾನೊಬ್ಬಳೇ ಬಸ್ಸು ಹತ್ತಿ, ಮಡಿಲಲ್ಲಿ ಊಟದ ಚೀಲ ಇಟ್ಟು ಬಟ್ಟೆಯ ಕಲೆ ಮುಚ್ಚಿಕೊಂಡು ಆಸ್ಪತ್ರೆ ಸೇರಿದೆ. ಮಗು ಉಳಿಯಲಿಲ್ಲ. ಐದನೇ ದಿನ ಮತ್ತೆ ಶಿಫ್ಟಿಗೆ ಹೋದೆ. ಅಮ್ಮನ ಹತ್ತಿರ ನನಗೆ ಜ್ವರ ಎಂದೆ. ಬರುವ ಸುದ್ದಿಯನ್ನೇ ಹೇಳದವಳು ಹೋದ ಸುದ್ದಿಯನ್ನು ಹೇಗೆ ಹೇಳಲಿ?

ಗೆಳತಿ ಆವತ್ತು ಸ್ಟಿಯರಿಂಗ್ ಹಿಡಿದುಕೊಂಡೇ ಅತ್ತಿದ್ದಳು. ಆ ಅಳುವನ್ನು ನಾನು ನಂಬಿದ್ದೆ.

ಸ್ಪರ್ಧೆಯಲ್ಲಿ ಅವಳ ಬರಹವೇ ಎಲ್ಲರಿಗಿಂತ ಮುಂದಿತ್ತು. ತೆರೆದು ನೋಡಿದರೆ ನನ್ನ ಬಸ್ಸು, ನನ್ನ ಊಟದ ಚೀಲ, ಬಾಕಿಯಿದ್ದ ನನ್ನ ಆರು ದಿನ. ಎಲ್ಲವೂ ಅವಳ ಹೆಸರಿನ ಕೆಳಗೆ, 'ನಾನು, ನಾನು' ಎಂದು. ಬಿಟ್ಟದ್ದು ಒಂದೇ, ಅಮ್ಮನಿಗೆ ಸುಳ್ಳು ಹೇಳಿದ್ದು. ಅವಳ ಅಮ್ಮ ತೀರಿಹೋಗಿ ಎಷ್ಟೋ ವರ್ಷವಾಗಿತ್ತು, ಆ ಸಾಲು ಅವಳ ಉಪಯೋಗಕ್ಕೆ ಬರುವಂಥದ್ದಲ್ಲ. ಕೆಳಗೆ 'ಹ್ಯಾಟ್ಸಾಫ್ ಅಕ್ಕಾ'ಗಳು, ಅಳುವ ಮುಖಗಳು. ಪ್ರತಿಯೊಬ್ಬರಿಗೂ ಕೈಮುಗಿದು ಥ್ಯಾಂಕ್ಸ್ ಹೇಳಿದ್ದಳು ಮಹಾತಾಯಿ.

ಮರುದಿನ ಕಾರಿನಲ್ಲಿ ಕೂತವಳೇ, "ಅದು ನಂದು," ಎಂದೆ.

"ನಿನ್ನ ಹೆಸ್ರು ಎಲ್ಲಿಯಾದ್ರೂ ಹಾಕಿದ್ದೇನಾ ಮಾರಾಯ್ತಿ? ಯಾರಿಗೂ ಗೊತ್ತಾಗುದಿಲ್ಲ."

"ಅದೇ ನಾನು ಹೇಳುದು. ನಂದು ಅಂತ ಯಾರಿಗೂ ಗೊತ್ತಾಗುದಿಲ್ಲ."

"ನೀನೇ ಬರೀಬಹುದಿತ್ತಲ್ಲ? ನಿಂಗೆ ಕಡುಬೇ ಸಾಕಾಯ್ತು. ಇಷ್ಟು ಒಳ್ಳೆ ಸ್ಟೋರಿ ಸುಮ್ನೆ ವೇಸ್ಟ್ ಆಗ್ತಿತ್ತು."

ಸ್ಟೋರಿಯಂತೆ! ಮುಂದಿನ ಸಿಗ್ನಲ್ಲಿನಲ್ಲೇ ಇಳಿದೆ. ಆಮೇಲೆ ಆ ಕಾರು ಹತ್ತಲಿಲ್ಲ, ಎರಡು ಬಸ್ಸು ಬದಲಿಸಿ ಕೆಲಸಕ್ಕೆ ಹೋಗತೊಡಗಿದೆ.

ಶನಿವಾರವಿಡೀ ಕುಳಿತು ಸ್ಪರ್ಧೆ ನಡೆಸುವವರಿಗೆ ಇಮೇಲ್ ಬರೆದೆ. ಆಸ್ಪತ್ರೆಯ ಕಾಗದದ ಫೋಟೋ ಸೇರಿಸಿದೆ. ಅವಳಿಗೆ ಚಪ್ಪಾಳೆ ತಟ್ಟಿದವರ ಎದುರಿಗೇ ಅವಳ ಮರ್ಯಾದೆ ಹೋಗಬೇಕು, ಅದಕ್ಕಿಂತ ಕಡಿಮೆ ಏನೂ ನನಗೆ ಬೇಡವಾಗಿತ್ತು. ಕಳುಹಿಸಿದರೆ ಸುದ್ದಿ ವಾಟ್ಸಾಪ್ ಗುಂಪಿಗೆ ಹೋಗುತ್ತದೆ, ಗುಂಪಿನಿಂದ ಊರಿಗೆ, ಅಲ್ಲಿಂದ ಅಮ್ಮನಿಗೆ. ಹೋದರೆ ಹೋಗಲಿ, ಹೇಗೂ ಒಂದು ದಿನ ಹೇಳಬೇಕಾದದ್ದೇ ಎಂದು ಗಟ್ಟಿ ಮನಸ್ಸು ಮಾಡಿದ್ದೆ.

ಭಾನುವಾರ ಬೆಳಗ್ಗೆ ಇನ್ನೊಮ್ಮೆ ಓದಿ ಕಳುಹಿಸೋಣ ಎಂದು ಕುಳಿತಿದ್ದಾಗ ಅಮ್ಮನ ಫೋನು ಬಂತು. ಅಮ್ಮ ಮಂಗಳೂರಿನಲ್ಲಿ ಅಕ್ಕನ ಜೊತೆಗಿದ್ದಾಳೆ. ಆ ಲಿಂಕು ಯಾರ್‍ಯಾರದೋ ಕೈ ದಾಟಿ ಅಕ್ಕನ ಫೋನಿಗೂ ತಲುಪಿತ್ತು.

"ನಿನ್ನ ಫ್ರೆಂಡ್ ಬರ್ದದ್ದನ್ನು ಅಕ್ಕ ಓದಿ ಹೇಳಿದ್ಲು," ಎಂದಳು ಅಮ್ಮ. ಅತ್ತು ಅವಳ ಸ್ವರ ದಪ್ಪವಾಗಿತ್ತು. "ಪಾಪ ಅದು. ಆಗ ಅವಳಿಗೆ ನೀನು ಒಂದು ಹೊತ್ತಿನ ಗಂಜಿಯಾದ್ರೂ ಮಾಡಿ ಕೊಟ್ಟಿದ್ದೀಯಾ?"

"ಹ್ಞೂಂ," ಎಂದೆ.

"ಅಮ್ಮ ಇಲ್ಲದ ಹುಡುಗಿ ಅಲ್ವಾ, ಅದಕ್ಕೇ ಎಲ್ಲ ಒಬ್ಬಳೇ ನುಂಗಿಕೊಂಡದ್ದು. ಅಮ್ಮ ಇದ್ದಿದ್ರೆ ಹೇಳದೆ ಇರ್ತಿದ್ಲಾ?"

ಎದುರಿಗೆ ಇಮೇಲ್ ತೆರೆದೇ ಇತ್ತು. ಅದನ್ನು ಕಳುಹಿಸಿದರೆ ಇದೇ ಪ್ರಶ್ನೆಯನ್ನು ಅಮ್ಮ ನನ್ನನ್ನು ಕೇಳುತ್ತಾಳೆ. ಗೆಳತಿಯ ಮೇಲಿನ ಸಿಟ್ಟು ಇವತ್ತಿಗೂ ಆರಿಲ್ಲ, ಆರುವುದೂ ಬೇಡ. ಬಹುಮಾನ ಅವಳಿಗೇ ಹೋಯಿತು. ಆದರೆ ಬರೆದದ್ದನ್ನೆಲ್ಲ ಆ ಬೆಳಗ್ಗೆ ಅಳಿಸಿಹಾಕಿದವಳು ನಾನೇ.

"ಇಲ್ಲ ಅಮ್ಮ," ಎಂದೆ. "ಹೇಳ್ತಿದ್ಲು."